ಇಳಿಯುವ ಗಂಟೆ

ಆ ಸಹಿಯನ್ನು ನೋಡಿದ ಕೂಡಲೇ ಅವಳ ಬೆರಳುಗಳು ತಣ್ಣಗಾದವು.

ಕೊನೆಯಲ್ಲಿ ಬಾಲದಂತೆ ಎಳೆದ ಗೆರೆ. ಗೆರೆಯ ಕೆಳಗೆ ಎರಡು ಚುಕ್ಕಿ.

ಅಮ್ಮನ ಟ್ರಂಕಿನ ತಳದಲ್ಲಿ ಮಡಚಿಟ್ಟ ಜೆರಾಕ್ಸ್ ಹಾಳೆಯೊಂದರಲ್ಲಿ ಈ ಬಾಲವನ್ನು ಅವಳು ಮೂರು ವರ್ಷದಿಂದ ನೋಡುತ್ತ ಬಂದಿದ್ದಳು. 'ಬೀಗದ ಕೀ ಕೆಲಸಗಾರನ ಬಳಿ ಇರುವಾಗಲೇ, ಒಂದನೇ ಮೇಜಿನಿಂದ ನಾನು ಡಿಶ್ ತಿರುಗಿಸಿದೆ. ತಪ್ಪು ನನ್ನದು.' ಇಷ್ಟೇ ಇತ್ತು ಅದರಲ್ಲಿ.

ಆ ಕೆಲಸಗಾರ ಅವಳ ಅಣ್ಣ.

ಈಗ ಅದೇ ಬಾಲ ಅವಳ ಕಣ್ಣೆದುರೇ ಹಸಿ ಶಾಯಿಯಲ್ಲಿ ಹುಟ್ಟಿತ್ತು. ರೇಡಿಯೋ ದೂರದರ್ಶಕ ಕೇಂದ್ರದ ನೆಲಮಾಳಿಗೆ, ಕಬ್ಬಿಣದ ರ್‍ಯಾಕುಗಳ ತುಂಬ ಹಳೆಯ ಡಿಸ್ಕುಗಳು, ಮಿಣುಕುವ ಒಂದು ಟ್ಯೂಬ್‌ಲೈಟ್. ಅದರ ಕೆಳಗೆ ದಾಖಲೆ ಪುಸ್ತಕ ಹಿಡಿದು ಕೂತವನು ಮೂವತ್ತೆರಡು ಮೂವತ್ಮೂರರ ಮನುಷ್ಯ. ಬೂದು ಸ್ವೆಟರಿನ ಮೊಣಕೈಗೆ ನೀಲಿ ದಾರದ ಹೊಲಿಗೆ. ನೋಡಿದರೆ ಯಾರನ್ನೂ ಕೊಂದವನ ಹಾಗೆ ಇರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನೀವೇನಾ?" ಎಂದಳು.

ಡಿಸ್ಕುಗಳು ಬೇಕೆಂದು ಅವಳು ತಂದಿದ್ದ, ಅವಳ ಹೆಸರಿದ್ದ ಚೀಟಿಯನ್ನು ಅವನು ಇನ್ನೊಮ್ಮೆ ನೋಡಿದ. ಆಮೇಲೆ ಅವಳ ಮುಖವನ್ನು. ಆ ಮುಖದಲ್ಲಿ ಯಾರನ್ನೋ ಗುರುತು ಹಿಡಿದವನಂತೆ ಪೆನ್ನು ಕೆಳಗಿಟ್ಟ.

"ನಾನೇ. ನೀವು ಒಂದಿನ ಬರ್ತೀರಿ ಅಂತ ಗೊತ್ತಿತ್ತು."

ಅವಳು ಒಯ್ಯಲು ಬಂದಿದ್ದ ಡಿಸ್ಕುಗಳನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಇಪ್ಪತ್ತೆರಡು ಮೆಟ್ಟಿಲು. 

*ಬಯ್ಯಬೇಕಿತ್ತು... ಮೂರು ವರ್ಷ ಕೂಡಿಟ್ಟ ಬೈಗುಳ ಎಲ್ಲಿ ಹೋಯ್ತು?*

* * *

ಅಣ್ಣ ಡಿಶ್‌ಗೆ ಗ್ರೀಸ್ ಹಾಕುವವನು. ಬೋಲ್ಟು ಬಿಗಿಯುವುದು, ತುಕ್ಕು ಕೆರೆಯುವುದು, ಬಿಳಿ ಬಣ್ಣ ಬಳಿಯುವುದು ಎಲ್ಲ ಅವನದೇ. ಏಳು ಅಂತಸ್ತಿನ ಎತ್ತರದ ಆ ಬಟ್ಟಲಿನ ನಡುವಿನ ಕಣ್ಣನ್ನು, ಎಂದರೆ ರಿಸೀವರನ್ನು, ಎತ್ತಿ ಹಿಡಿದ ಕಾಲುಗಳ ಮೇಲೆ, ಮನೆಯ ಅಟ್ಟ ಹತ್ತಿದಷ್ಟು ಸಲೀಸಾಗಿ ಓಡಾಡುತ್ತಿದ್ದ. ಆ ಡಿಶ್ ಕಂಡುಹಿಡಿದದ್ದೆಲ್ಲ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು, ಕೆಳಗೆ ದೊಡ್ಡವರ ಹೆಸರುಗಳ ಸಾಲು. ಅದನ್ನು ತಿರುಗುವಂತೆ ಇಟ್ಟ ಕೈಗಳ ಹೆಸರು ಒಂದರಲ್ಲೂ ಇರಲಿಲ್ಲ. ಡಿಶ್ ಮೇಲಿನಿಂದ ಬಿದ್ದು ಅಣ್ಣ ಸತ್ತ ದಿನ ಮಾತ್ರ ಒಂದು ಕಡತದಲ್ಲಿ ಬಂತು.

ಆಮೇಲೆ ಅವಳಿಗೆ ಅನುಕಂಪದ ನೌಕರಿ ಸಿಕ್ಕಿತು. ಮೊದಲು ಊರೊಳಗಿನ ಕಚೇರಿಯಲ್ಲಿ ಟೈಪಿಂಗ್. ಲೆಕ್ಕದಲ್ಲಿ ಅವಳ ಕೈ ಚುರುಕೆಂದು ಗೊತ್ತಾಗಿ, ಕಳೆದ ತಿಂಗಳಷ್ಟೇ ಕೇಂದ್ರದ ನಕ್ಷೆ ವಿಭಾಗಕ್ಕೆ ಹಾಕಿದ್ದರು. ಡಿಶ್‌ಗೆ ಕೂಗಳತೆಯಲ್ಲಿದ್ದ ಅಣ್ಣನ ವಸತಿಗೃಹವೂ ಅವರಿಗೇ ಉಳಿದಿತ್ತು. ಎರಡೂ ಆದೇಶಗಳ ಕೊನೆಯಲ್ಲಿ ಒಂದೇ ಸಾಲು: ವಿಚಾರಣೆಯ ತೀರ್ಮಾನವನ್ನು ಕುಟುಂಬದವರು ಪ್ರಶ್ನಿಸದಿರುವ ಷರತ್ತಿಗೆ ಒಳಪಟ್ಟು.

ದಿನವೂ ಸಂಜೆ ಐದೂವರೆಗೆ ಗಂಟೆ ಹೊಡೆಯುತ್ತಿತ್ತು. ಡಿಶ್ ಅಲುಗುವ ಮುಂಚೆ ಮೂವತ್ತು ಸೆಕೆಂಡ್ ಎಡೆಬಿಡದೆ ಹೊಡೆಯುವ ಗಂಟೆ. ಮೇಲೆ ಯಾರಿದ್ದರೂ ಇಳಿದಿದ್ದಾರೆ ಎಂದು ಖಾತ್ರಿಯಾದ ಮೇಲಷ್ಟೇ ಅದನ್ನು ಒತ್ತಬೇಕು. ಅಣ್ಣ ಇದ್ದಾಗ ಆ ಗಂಟೆ ಕೇಳಿದರೆ ಅಮ್ಮ ಒಲೆ ಹಚ್ಚುತ್ತಿದ್ದಳು.

ಈಗಲೂ ಗಂಟೆ ಹೊಡೆದಾಗ ಅಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಬಾಗಿಲ ಕಡೆ ನೋಡಿ, ಯಾರಿಗೋ ಹೇಳುವಂತೆ, "ಇಳಿದ" ಎನ್ನುತ್ತಿದ್ದಳು.

ಅಷ್ಟೇ. ಆಮೇಲೆ ಒಲೆ ಹಚ್ಚುತ್ತಿದ್ದಳು.

* * *

ಮರುದಿನ ನಿರ್ದೇಶಕರು ಅವಳನ್ನು ಕರೆಸಿದರು. ನಯವಾಗಿ ಮಾತಾಡುವ, ಯಾರ ಮುಖವನ್ನೂ ನೋಡದ ಮನುಷ್ಯ. ನಕ್ಷೆ ಆರು ವಾರದಲ್ಲಿ ಮುಗಿಯಲೇಬೇಕು ಎಂದರು. ಹಳೆಯ ದಿನಚರಿಗಳ ಅಂಚಿನಲ್ಲಿ ಗೀಚಿದ್ದು ಆಗ ಡಿಶ್ ಆಪರೇಟರನಾಗಿದ್ದು ಈಗ ನೆಲಮಾಳಿಗೆಯ ಉಗ್ರಾಣದಲ್ಲಿರುವವನನ್ನು ಬಿಟ್ಟು ಇನ್ನಾರಿಗೂ ಅರ್ಥವಾಗುವುದಿಲ್ಲ, ಆದ್ದರಿಂದ ಇಬ್ಬರೂ ಒಟ್ಟಿಗೆ ಕೂತು ಕೆಲಸ ಮಾಡಿ ಎಂದರು. ಅವಳ ಅಣ್ಣ ಯಾರು, ಅವನು ಯಾರು ಎಂಬುದು ಅವರಿಗೆ ನೆನಪೇ ಇಲ್ಲವೆನ್ನುವ ಹಾಗೆ.

ನಕ್ಷೆ ಎಂದರೆ ಊರಿನದಲ್ಲ, ದೇಶದ್ದಲ್ಲ. ನಕ್ಷತ್ರಗಳು ಹುಟ್ಟುವ ಒಂದು ಮೋಡದ್ದು.

ಆ ಮೋಡ ಎಷ್ಟು ದಟ್ಟವೆಂದರೆ ಒಳಗಿನ ಕೂಸುನಕ್ಷತ್ರ ಕನ್ನಡಿಯ ಯಾವ ದೂರದರ್ಶಕಕ್ಕೂ ಕಾಣುವುದಿಲ್ಲ. ಆದರೆ ಅದರ ಸುತ್ತಲಿನ ಮೆಥನಾಲ್ ಆವಿ ಅಲ್ಲಲ್ಲಿ ಕೆರಳಿ, ಒಂದೇ ಒಂದು ಸ್ವರದಲ್ಲಿ ರೇಡಿಯೋ ಅಲೆಗಳನ್ನು ಕೂಗುತ್ತದೆ. ಅದಕ್ಕೆ ಮೇಸರ್ ಎನ್ನುತ್ತಾರೆ. ಲೇಸರ್ ಬೆಳಕಿನ ಅಣ್ಣ ಅಂದುಕೊಳ್ಳಿ, ಕಣ್ಣಿಗೆ ಕಾಣದ ಅಣ್ಣ. ಪರದೆಯ ಮೇಲೆ ಅದು ತೆಳ್ಳನೆಯ ಒಂದು ಗೆರೆಯಾಗಿ ನೆಟ್ಟಗೆ ನಿಲ್ಲುತ್ತದೆ. ಹಲವು ದೇಶಗಳ ಡಿಶ್‌ಗಳು ಒಂದೇ ಹೊತ್ತಿಗೆ ನೋಡಿದ್ದನ್ನು ಸೇರಿಸಿದರೆ ಪ್ರತಿ ಗೆರೆಯೂ ಆಕಾಶದ ಒಂದು ಚುಕ್ಕಿಯಾಗುತ್ತದೆ. ಹನ್ನೊಂದು ವರ್ಷದ ಚುಕ್ಕಿಗಳನ್ನು ಒಂದರ ಮೇಲೊಂದಿಟ್ಟರೆ ಅವು ಎತ್ತ ಸರಿಯುತ್ತಿವೆ ಎಂದು ತಿಳಿಯುತ್ತದೆ. ಅವುಗಳ ನಡಿಗೆಯಿಂದಲೇ ಕಾಣದ ಕೂಸು ಎಲ್ಲಿದೆ ಎಂದು ಹೇಳಬಹುದು.

ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವನು ಅವನೇ. ನಕ್ಷೆ ಕೋಣೆಯ ಮೇಜಿನ ಆ ಬದಿಯಲ್ಲಿ ಕೂತು, ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟೇ ಉತ್ತರ. ಮೊದಲ ವಾರ ಅವಳು ಅವನತ್ತ ನೋಡಲೇ ಇಲ್ಲ. ಪೆನ್ಸಿಲ್ ಬೇಕಿದ್ದರೂ ಎದ್ದು ಹೋಗಿ ಬೇರೆ ಕೋಣೆಯಿಂದ ತರುತ್ತಿದ್ದಳು. ಅವನು ತಂದಿಟ್ಟ ಚಹಾ ಆರಿ ಕೆನೆಗಟ್ಟುತ್ತಿತ್ತು. ಮರುದಿನವೂ ತಂದಿಡುತ್ತಿದ್ದ.

ಸಂಜೆಯ ಗಂಟೆ ಹೊಡೆದಾಗ ಮಾತ್ರ ಇಬ್ಬರ ಕೈಯೂ ನಿಲ್ಲುತ್ತಿತ್ತು.

ಮೂರನೇ ದಿನ ಅವಳು ಗಮನಿಸಿದಳು. ಅವನ ತುಟಿ ಅಲುಗುತ್ತಿತ್ತು. ಇಪ್ಪತ್ತೇಳು... ಇಪ್ಪತ್ತೆಂಟು...

ಅವನೂ ಎಣಿಸುತ್ತಿದ್ದ. ಅವಳ ಹಾಗೆಯೇ.

ಅಂದು ಮನೆಗೆ ನಡೆಯುವಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. *ಎಣಿಸಿದ್ರೆ ಏನಾಯ್ತು? ಆವತ್ತು ಎಣಿಸಿದ್ನಾ?*

* * *

ಎರಡನೇ ವಾರ ಅವಳೇ ಜಗಳ ತೆಗೆದಳು. ದಿನಚರಿಯ ಅಂಚಿನಲ್ಲಿ ಅವನ ಅಕ್ಷರದಲ್ಲಿ 'ಅತ್ತೆ ಜೋರು, ಸೊಸೆ ಮೂಲೆಗೆ' ಎಂದಿತ್ತು. ಮರುದಿನ 'ಕಿವುಡಪ್ಪ ಎಂದಿನಂತೆ'.

"ಕೆಲಸದ ಪುಸ್ತಕದಲ್ಲಿ ಪಕ್ಕದ ಮನೆ ಗಲಾಟೆ ಬರೀತಿದ್ರಾ ನೀವು?"

ಮೊದಲ ಸಲ ಅವನ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು. ಅವು ಚುಕ್ಕಿಗಳ ಹೆಸರು ಎಂದ. ಒಂದು ಬೆಳಗಿದಾಗ ಇನ್ನೊಂದು ಮಂಕಾಗುವ ಜೋಡಿಗೆ ಅತ್ತೆ ಸೊಸೆ. ಸುತ್ತ ಏನೇ ಆದರೂ ಕೂದಲೆಳೆಯಷ್ಟೂ ಬದಲಾಗದೆ ಕೂತದ್ದು ಕಿವುಡಪ್ಪ. ನಂಬರು ಹೇಳಿದರೆ ಮರೆಯುತ್ತದೆ, ಹೆಸರಿಟ್ಟರೆ ಮರೆಯುವುದಿಲ್ಲ ಎಂದು ಒಬ್ಬರು ಹೇಳಿದ್ದರಂತೆ.

ಅವಳು ಪುಟ ತಿರುಗಿಸಿದಳು. ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

'ಕಡ್ಡಿ ಇವತ್ತೂ ಮಾತಾಡುತ್ತಿಲ್ಲ. ಸಿಟ್ಟಿರಬೇಕು.'



ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ, ಅಣ್ಣ. ಆ ತಾರೀಖಿನ ವಾರ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಅವಳ ಪರೀಕ್ಷೆಯ ಶುಲ್ಕ ಕಟ್ಟುವುದನ್ನು ಮರೆತಿದ್ದಕ್ಕೆ.

"ನಿಮ್ಮಣ್ಣ ಚಹಾ ಕುಡಿಯೋಕೆ ಬರ್ತಿದ್ದ," ಅವನು ಪುಸ್ತಕವನ್ನು ನೋಡುತ್ತಲೇ ಹೇಳಿದ. "ಪರದೆ ನೋಡಿ, ಲೋ ಇದು ನನ್ನ ತಂಗಿ ಕಣೋ, ಸಣಕಲು, ನೆಟ್ಟಗೆ, ಯಾರಿಗೂ ಬಗ್ಗಲ್ಲ ಅಂದ. ಅವತ್ತಿಂದ ಅದು ಕಡ್ಡಿ. ದಿನಾ ಬಂದು ಕೇಳೋನು, ಕಡ್ಡಿ ಹೇಗಿದ್ದಾಳೆ ಅಂತ. ಯಾವ ಕಡ್ಡಿ ಬಗ್ಗೆ ಕೇಳ್ತಿದ್ದಾನೆ ಅಂತ ನಂಗೆ ಎಷ್ಟೋ ಸಲ ತಿಳೀತಿರಲಿಲ್ಲ."

ಅವಳು ಕಿಟಕಿಯತ್ತ ತಿರುಗಿದಳು. ಹೊರಗೆ ಡಿಶ್ ಬಿಸಿಲಿನಲ್ಲಿ ಬೆಳ್ಳಗೆ ನಿಂತಿತ್ತು. ಮೂರನೇ ಕಾಲಿನ ಹತ್ತಿರ ಬಣ್ಣ ಸ್ವಲ್ಪ ದಪ್ಪ. ಅಲ್ಲಿ ಯಾರೋ ಎರಡು ಸಲ ಬಳಿದಿದ್ದರು.

ಆ ದಿನ ಅವಳು ಚಹಾ ಕುಡಿದಳು. ಆರಿತ್ತು. ಆದರೂ ಕುಡಿದಳು.

ಆಮೇಲಿನ ದಿನಗಳು ಹೇಗೆ ಸರಿದವೆಂದು ಅವಳಿಗೇ ತಿಳಿಯಲಿಲ್ಲ. ಅವನ ಬಾಯಿಂದ ಅಣ್ಣ ತುಂಡು ತುಂಡಾಗಿ ಹಿಂದಿರುಗುತ್ತಿದ್ದ. ಮನೆಯಲ್ಲಿ ತೋರಿಸದ ಅಣ್ಣ, ಹಾಡುತ್ತಿದ್ದ ಅಣ್ಣ, ಮೇಲಿನಿಂದ ಗ್ರೀಸ್ ಡಬ್ಬಿ ಬೀಳಿಸಿ ನಿರ್ದೇಶಕರ ಕಾರಿನ ಮೇಲೆ ಕರಿ ಬೊಟ್ಟಿಟ್ಟ ಅಣ್ಣ. ಅವಳು ನಗುತ್ತಿದ್ದಳು. 

*ಅಣ್ಣನ್ನ ಕೊಂದವನ ಎದುರು ಕೂತು ನಗ್ತಿದ್ದೀನಲ್ಲ... ನಾನೆಂಥವಳು?*

ಮನೆಯಲ್ಲಿ ಅಮ್ಮ ಯಾರ ಜೊತೆ ಕೆಲಸ ಎಂದು ಕೇಳಿದರೆ, ಯಾರೋ ಉಗ್ರಾಣದವರು ಎನ್ನುತ್ತಿದ್ದಳು. ಆ ಸಹಿಯವನನ್ನು ಅಮ್ಮ ದಿನಕ್ಕೊಂದು ಸಲ ಶಪಿಸದೆ ಮಲಗುತ್ತಿರಲಿಲ್ಲ.

* * *

ಐದನೇ ವಾರ ಒಂದು ದಿನ ಕಡಿಮೆ ಬಿತ್ತು.

ಹನ್ನೊಂದು ವರ್ಷದ ಸರಣಿಯಲ್ಲಿ ಒಂದೇ ಒಂದು ದಿನ. ಪಟ್ಟಿಯಲ್ಲಿ ಆ ತಾರೀಖಿನ ಎದುರು 'ಹಾಳು' ಎಂದು ಬರೆದಿತ್ತು. ಅಣ್ಣ ಬಿದ್ದ ದಿನ.

ಅದರ ಮರುದಿನದ ಡಿಸ್ಕಿನಲ್ಲಿ ಕಡ್ಡಿ ಎಂದಿಗಿಂತ ನೂರು ಪಟ್ಟು ಎತ್ತರ ಎದ್ದಿತ್ತು. ಕೂಸುನಕ್ಷತ್ರ ಒಮ್ಮೆಲೇ ಕೆರಳಿ ಉರಿದಾಗ ಹಾಗಾಗುತ್ತದಂತೆ. ಅದನ್ನು ಮೊದಲು ಹಿಡಿದವರು ಎಂದೇ ನಿರ್ದೇಶಕರು ಹೆಸರಾದದ್ದು. ಅವರ ಕೋಣೆಯ ಗೋಡೆಯಲ್ಲಿ ಆ ಗೆರೆಗೆ ಚೌಕಟ್ಟು ಹಾಕಿಸಿದ್ದರು. ಅಣ್ಣನ ಹೆಣ ಮನೆಯಲ್ಲಿದ್ದ ದಿನ ಆ ಡಿಶ್ ಕೆಲಸ ಮಾಡುತ್ತಿತ್ತು ಎಂದು ಅವಳಿಗೆ ಆಗಲೇ ತಿಳಿದದ್ದು.

ಹಾಳಾದ ಡಿಸ್ಕ್ ಇದೆಯಾ ಎಂದು ಕೇಳಿದಳು. ಅವನು ತಲೆ ಎತ್ತದೆ, ಇಲ್ಲ ಎಂದ.

ಮಧ್ಯಾಹ್ನ ನೆಲಮಾಳಿಗೆಯಲ್ಲಿ ಅವನು ರ್‍ಯಾಕಿನ ಮೇಲಿನ ಸಾಲಿಗೆ ಏಣಿ ಹಾಕಲು ಹೋದಾಗ, ರಬ್ಬರ್ ಹುಡುಕುತ್ತ ಅವಳು ಅವನ ಮೇಜಿನ ಖಾನೆ ಎಳೆದಳು. ಒಗೆದು ಮಡಚಿದ ಕರವಸ್ತ್ರದ ಅಡಿಯಲ್ಲಿ ಒಂದು ಡಿಸ್ಕ್. ಮೇಲೆ ಆ ತಾರೀಖು.

ಇಷ್ಟು ದಿನ ಕರಗುತ್ತಿದ್ದದ್ದೆಲ್ಲ ಒಂದೇ ಏಟಿಗೆ ಹೆಪ್ಪುಗಟ್ಟಿತು.

*ಬಚ್ಚಿಟ್ಟಿದ್ದಾನೆ. ಸುಳ್ಳು ಹೇಳಿದ. ಹಾಡು, ಚಹಾ, ಕಡ್ಡಿ... ಎಲ್ಲಾ ಸುಳ್ಳು.*

ಡಿಸ್ಕನ್ನು ದುಪಟ್ಟಾದೊಳಗೆ ಸುತ್ತಿಕೊಂಡು ಹೊರಬಿದ್ದಳು.

ನಕ್ಷೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲು ಹಾಕಿ ಡಿಸ್ಕನ್ನು ಯಂತ್ರಕ್ಕಿಟ್ಟಳು. ಪ್ರತಿ ಡಿಸ್ಕಿನ ತಲೆಯಲ್ಲೂ ಒಂದು ಸಾಲು ತಾನಾಗಿ ಬರೆದುಕೊಳ್ಳುತ್ತದೆ: ಯಾವ ಹೊತ್ತು, ಡಿಶ್ ತಿರುಗಿದ್ದು ಯಾವ ಮೇಜಿನ ಆಜ್ಞೆಗೆ. ನಿಯಂತ್ರಣ ಕೋಣೆಯದ್ದು ಒಂದನೇ ಮೇಜು.

ಇಲ್ಲಿ ನಾಲ್ಕು ಎಂದಿತ್ತು.

ನಾಲ್ಕನೇ ಮೇಜು ಇದ್ದದ್ದು ನಿರ್ದೇಶಕರ ಕೋಣೆಯಲ್ಲಿ.

ಅವಳು ದಾಖಲೆಯನ್ನು ಸೆಕೆಂಡು ಸೆಕೆಂಡಾಗಿ ಓಡಿಸಿದಳು. ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ತಣ್ಣನೆಯ ಖಾಲಿ ಆಕಾಶ, ಸಣ್ಣ ಗದ್ದಲದ ಸಪಾಟು ಗೆರೆ. ಡಿಶ್ ಚಲಿಸತೊಡಗಿತು. ಒಂದು. ಎರಡು. ಮೂರು.

ನಾಲ್ಕನೇ ಸೆಕೆಂಡಿನಲ್ಲಿ ಗೆರೆ ಒಮ್ಮೆ ಉಬ್ಬಿ ಇಳಿಯಿತು.

ಏನದು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಕಾಶ ತಣ್ಣಗಿರುತ್ತದೆ ಎಂದು ಅವನೇ ಹೇಳಿಕೊಟ್ಟಿದ್ದ. ಡಿಶ್ ಕಣ್ಣಿನೆದುರು ಬೆಚ್ಚಗಿರುವುದು ಏನೇ ಅಡ್ಡ ಬಂದರೂ, ಕೈ ಆಡಿಸಿದರೂ, ಗದ್ದಲ ಏರುತ್ತದೆ ಎಂದಿದ್ದ.

ಅರ್ಧ ಸೆಕೆಂಡು. ಬೆಚ್ಚಗಿದ್ದದ್ದೇನೋ ಮೇಲಿನಿಂದ ಕೆಳಗೆ ಹಾದುಹೋಗಿತ್ತು.

"ಅಣ್ಣಾ," ಎಂದಳು ಪರದೆಗೆ.

ಅವನ ಮೈಯ ಬಿಸಿ. ಮೂರು ವರ್ಷದಿಂದ ಒಂದು ಖಾನೆಯಲ್ಲಿ, ಕರವಸ್ತ್ರದಡಿ, ಆರದೆ ಕೂತಿತ್ತು.

ಆಮೇಲೆ ಕಡ್ಡಿ ಏಳತೊಡಗಿತು. ಡಿಶ್ ಮೋಡದ ಹತ್ತಿರ ಹತ್ತಿರ ಹೋದಂತೆ ಎತ್ತರಕ್ಕೆ, ಇನ್ನೂ ಎತ್ತರಕ್ಕೆ. ಹತ್ತೊಂಬತ್ತನೇ ಸೆಕೆಂಡಿಗೆ ಅರ್ಧದಲ್ಲೇ ನಿಂತಿತು. ಯಾರೋ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿ ಡಿಶ್ ನಿಲ್ಲಿಸಿದ್ದರು. ಭೂಮಿ ತಿರುಗುತ್ತ ಮೋಡ ಮೆಲ್ಲಗೆ ನೋಟದಿಂದ ಜಾರಿತು, ಕಡ್ಡಿ ಕುಗ್ಗಿ ಕುಗ್ಗಿ ಇಲ್ಲವಾಯಿತು. ಮುಂದೆ ಇಪ್ಪತ್ತಾರು ನಿಮಿಷ ಬರೀ ಖಾಲಿ ಆಕಾಶ. ಕೆಳಗೆ ಎಲ್ಲರೂ ಅಣ್ಣನ ಸುತ್ತ ನಿಂತಿದ್ದಾಗ, ರೆಕಾರ್ಡರ್ ನಿಲ್ಲಿಸುವ ನೆನಪು ಯಾರಿಗೂ ಇರಲಿಲ್ಲ.

ಅವಳು ಆ ಇಪ್ಪತ್ತಾರು ನಿಮಿಷವನ್ನೂ ಕೂತು ನೋಡಿದಳು.

* * *

ನೆಲಮಾಳಿಗೆಯಲ್ಲಿ ಅವನು ತೆರೆದ ಖಾನೆಯ ಎದುರು ನಿಂತಿದ್ದ. ಅವಳ ಕೈಯಲ್ಲಿದ್ದುದನ್ನು ನೋಡಿ ಕುರ್ಚಿ ಹಿಡಿದುಕೊಂಡ.

"ನೋಡಿದ್ರಾ?"

"ನೀವು ನೋಡಿಲ್ವಾ?"

ಇಲ್ಲವೆಂದು ತಲೆಯಾಡಿಸಿದ. ಬಿಸಾಡಲು ಹೇಳಿದ್ದರು, ಆಗಲಿಲ್ಲ. ನೋಡಲು ಧೈರ್ಯವಿರಲಿಲ್ಲ ಎಂದ. 

ಅವಳು ಬಿಡಲಿಲ್ಲ. ನಾಲ್ಕನೇ ಮೇಜು ಎಂದಿದೆ, ಹಾಗಿದ್ದ ಮೇಲೆ ಒಂದನೇ ಮೇಜಿನಿಂದ ತಿರುಗಿಸಿದೆ ಎಂದು ಏಕೆ ಬರೆದುಕೊಟ್ಟಿರಿ ಎಂದು ಕೇಳಿದಳು. ಮೂರು ವರ್ಷ ತನ್ನ ತಾಯಿ ಯಾರನ್ನು ಶಪಿಸಿದಳು ಎಂದು ಕೇಳಿದಳು.

ಆಗ ಅವನು ಹೇಳಿದ. ಬೇರೊಂದು ಕೇಂದ್ರದಿಂದ ಅಂದು ಸುದ್ದಿ ಬಂದಿತ್ತು, ಕಡ್ಡಿ ಏಳುತ್ತಿದೆ ಎಂದು. ಅದು ತುದಿ ಮುಟ್ಟುವುದನ್ನು ಮೊದಲು ಹಿಡಿದವರದೇ ಹೆಸರು. ನಿರ್ದೇಶಕರು ತಮ್ಮ ಕೋಣೆಯಿಂದಲೇ ಆಜ್ಞೆ ಕಳಿಸಿಬಿಟ್ಟರು, ಗಂಟೆಯಿಲ್ಲದೆ. ಒಂದನೇ ಮೇಜಿಗೆ ಬೀಗವುಂಟು. ಮೇಲೆ ಹತ್ತುವವನು ಅದರ ಕೀ ತೆಗೆದು ಜೇಬಿಗಿಟ್ಟುಕೊಂಡೇ ಹತ್ತುತ್ತಾನೆ. ಅವನು ಇಳಿದು ಕೀ ಕೊಡುವ ತನಕ ಆ ಮೇಜು ಸತ್ತಂತೆ, ಡಿಶ್ ನಿಲ್ಲಿಸುವ ಕೆಂಪು ಗುಂಡಿಯೊಂದನ್ನು ಬಿಟ್ಟು. ನಾಲ್ಕನೇ ಮೇಜಿಗೆ ಮಾತ್ರ ಬೀಗ ಹಾಕಿಸಿರಲಿಲ್ಲ. ದೊಡ್ಡವರಿಗೆ ಯಾಕೆ ಬೀಗ ಎಂದು.

ಸಂಜೆ ಅವನ ಮುಂದೆ ಎರಡು ಹಾಳೆ ಇಟ್ಟರು. ಒಂದರಲ್ಲಿ ಕೆಲಸಗಾರ ಯಾರಿಗೂ ಹೇಳದೆ ಹತ್ತಿದ, ತಪ್ಪು ಸತ್ತವನದೇ. ಹಾಗಾದರೆ ಮನೆಯವರಿಗೆ ಏನೂ ಇಲ್ಲ, ತಿಂಗಳೊಳಗೆ ಮನೆ ಖಾಲಿ. ಇನ್ನೊಂದರಲ್ಲಿ ತಪ್ಪು ಆಪರೇಟರನದು.

"ನಿಮ್ಮ ಪರೀಕ್ಷೆ ಇತ್ತು ಆ ತಿಂಗಳು," ಎಂದ. "ಅವನು ಹೇಳಿದ್ದ. ಎರಡನೇದಕ್ಕೆ ಸಹಿ ಹಾಕ್ತೀನಿ, ಮಾತು ಮಾತ್ರ ನಂದೇ ಇರಲಿ ಅಂದೆ. ಕೀ ಅವನ ಹತ್ರ ಇತ್ತು, ಒಂದನೇ ಮೇಜಿಂದ ತಿರುಗಿಸಿದೆ ಅಂತ ಬರೆದೆ. ಆಗೋದೇ ಇಲ್ಲ ಅದು. ಮೇಜಿನ ಬೀಗ ಗೊತ್ತಿರೋ ಯಾರೇ ಓದಿದ್ರೂ ಸುಳ್ಳು ಅಂತ ಹಿಡೀಲಿ ಅಂತ ಬರೆದೆ. ಯಾರೂ ಓದಲಿಲ್ಲ. ಎಲ್ಲರೂ ಸಹಿ ಇದೆಯಾ ಅಂತ ನೋಡಿದ್ರು."

ತಾನೂ ಅಷ್ಟೇ ನೋಡಿದ್ದೆ ಎಂದು ಅವಳಿಗೆ ಹೊಳೆಯಿತು. ಮೂರು ವರ್ಷ, ಬರೀ ಬಾಲ.

ಅವಳು ಕೊರಳಿನ ದಾರ ಎಳೆದಳು. ಅಣ್ಣನ ಗಡಿಯಾರದ ಜೊತೆ ಲಕೋಟೆಯಲ್ಲಿ ಬಂದಿದ್ದ ಸಣ್ಣ ಹಿತ್ತಾಳೆ ಕೀ. ಏಣಿ ಗೇಟಿನದಿರಬೇಕು ಎಂದುಕೊಂಡಿದ್ದರು ಮನೆಯಲ್ಲಿ. ಅದನ್ನು ಕಂಡದ್ದೇ ಅವನು ನೆಲದ ಮೇಲೆ ಕೂತುಬಿಟ್ಟ.

"ಆದ್ರೂ ತಪ್ಪು ನಂದೇ," ಎಂದ. "ಚಹಾ ಮಾಡ್ತಿದ್ದೆ ನಾನು. ಅವನಿಗೇ. ಕಿಟಕೀಲಿ ಡಿಶ್ ಅಲುಗಿದ್ದು ಕಂಡಾಗ ಕೆಂಪು ಗುಂಡಿಗೆ ಹನ್ನೊಂದು ಹೆಜ್ಜೆ. ಚಹಾ ಬಿಟ್ಟು ಮೇಜಲ್ಲೇ ಕೂತಿದ್ರೆ... ದಿನಾ ನಡೀತೀನಿ ಆ ಹನ್ನೊಂದು ಹೆಜ್ಜೆ."

ಅವಳೂ ಅವನೆದುರು ನೆಲದ ಮೇಲೆ ಕೂತಳು.

"ನಾಲ್ಕನೇ ಸೆಕೆಂಡು," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಡಿಶ್ ಹೊರಟ ನಾಲ್ಕನೇ ಸೆಕೆಂಡಿಗೆ ಅಣ್ಣ ಬಿದ್ದಿದ್ದಾನೆ. ಡಿಸ್ಕಲ್ಲಿದೆ. ಅವನ ಮೈ ಬಿಸಿ ದಾಟಿ ಹೋಗಿದೆ. ನೀವು ಮೇಜಿನ ಮುಂದೇ ಕೂತಿದ್ರೂ ಕಂಡು ಕೈ ಚಾಚೋ ಹೊತ್ತಿಗೆ ಮುಗಿದಿರ್ತಿತ್ತು. ನೀವು ತಡ ಮಾಡಲಿಲ್ಲ. ಕೇಳ್ತಾ ಇದ್ದೀರಾ? ನೀವು ತಡ ಮಾಡಲಿಲ್ಲ."

ಅವನು ಮುಖ ಮುಚ್ಚಿಕೊಂಡ.  ನೀಲಿ ದಾರದ ಆ ಮೊಣಕೈಯ ಮೇಲೆ ಅವಳು ಕೈ ಇಟ್ಟಳು, ಇಟ್ಟ ಕೈ ತೆಗೆಯಲಿಲ್ಲ.

* * *

ಷರತ್ತಿನ ಆ ಸಾಲು ಅವಳಿಗೆ ಬಾಯಿಪಾಠ. ಪ್ರಶ್ನಿಸಿದರೆ ನೌಕರಿ ಹೋಗುತ್ತದೆ, ಮನೆ ಹೋಗುತ್ತದೆ. ಬೇಡ ಎಂದು ಅವನೇ ಅಂಗಲಾಚಿದ. ಅವಳು ಮನೆಗೆ ಹೋಗಿ ಅಮ್ಮನಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಬೆಚ್ಚಗಿನ ಆ ಅರ್ಧ ಸೆಕೆಂಡನ್ನೂ.

ಅಮ್ಮ ಟ್ರಂಕಿನಿಂದ ಆ ಜೆರಾಕ್ಸ್ ಹಾಳೆ ತೆಗೆದು ನೋಡಿದಳು. ಆಮೇಲೆ, "ಆ ಹುಡುಗ ಹೊತ್ತು ಹೊತ್ತಿಗೆ ಉಣ್ತಾನೇನೆ?" ಎಂದಳು.

"ಗೊತ್ತಿಲ್ಲಮ್ಮ. ಸಣ್ಣಗಾಗಿದ್ದಾನೆ."

"ಆಗದೆ ಏನು. ಮೂರು ವರ್ಷ ನಾನು ಸುಮ್ನೆ ಬಿಟ್ಟಿದ್ನಾ ಅವನ್ನ..." ಎಂದು ಕಣ್ಣೊರೆಸಿಕೊಂಡಳು. "ಮನೆ ಹೋದ್ರೆ ಹೋಗ್ಲಿ. ನನ್ನ ಮಗ ಕೀ ಇಟ್ಕೊಂಡೇ ಹತ್ತಿದ್ದ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಎಲ್ಲ ಕೇಂದ್ರಗಳೂ ಓದುವ ಒಂದು ಸಾಮಾನ್ಯ ಭಂಡಾರವಿದೆ. ನಕ್ಷೆ ಮುಗಿದ ಮೇಲೆ ಅದರ ಹಿಂದಿರುವ ಪ್ರತಿ ದಿನದ ದಾಖಲೆಯನ್ನೂ ಅಲ್ಲಿಗೆ ಕಳಿಸಬೇಕು. ಒಮ್ಮೆ ಕಳಿಸಿದ್ದನ್ನು ತಿದ್ದಬಹುದು, ಅಳಿಸುವಂತಿಲ್ಲ. ಅವಳು ಹನ್ನೊಂದು ವರ್ಷವನ್ನೂ ಕಳಿಸಿದಳು, ಒಂದು ದಿನವನ್ನೂ ಬಿಡದೆ. ಹಾಳು ಎಂದಿದ್ದ ದಿನದ ಎದುರು ಷರಾ ಬರೆದಳು: 'ನಾಲ್ಕನೇ ಮೇಜಿನ ಆಜ್ಞೆ. ಗಂಟೆ ಹೊಡೆದಿಲ್ಲ. ನಾಲ್ಕನೇ ಸೆಕೆಂಡಿನ ಉಬ್ಬು ಒಬ್ಬ ಮನುಷ್ಯ. ಅವನು ಈ ಡಿಶ್‌ಗೆ ಗ್ರೀಸ್ ಹಾಕುತ್ತಿದ್ದ.'

ನಿರ್ದೇಶಕರು ಅವಳನ್ನು ಕರೆಸಿ ಕೂಗಾಡಿದರು. ಸಾರ್, ಡಿಸ್ಕಿನಲ್ಲಿಲ್ಲದ ಒಂದು ಮಾತನ್ನೂ ನಾನು ಬರೆದಿಲ್ಲ ಎಂದು ಹೇಳಿ ಅವಳು ಹೊರಗೆ ಬಂದಳು. ಮೂರನೇ ದಿನ ಗ್ರೀಸ್‌ನವರು, ವೈರಿಂಗ್ ಕೆಲಸದವರು, ಕಸ ಗುಡಿಸುವವರು ಎಲ್ಲ ಏಣಿಯ ಬುಡದಲ್ಲಿ ಕೂತರು. ನಾಲ್ಕನೇ ಮೇಜಿನ ತಂತಿ ಕತ್ತರಿಸುವ ತನಕ ಯಾರೂ ಹತ್ತುವುದಿಲ್ಲ, ಡಿಶ್ ಹೇಗೆ ತಿರುಗುತ್ತದೋ ನೋಡೋಣ ಎಂದರು. ಒಂಬತ್ತು ದಿನ ಕೂತರು. ಹತ್ತನೇ ದಿನ ತಂತಿ ಕತ್ತರಿಸಿದರು. ಹೊಸ ವಿಚಾರಣೆ ಶುರುವಾಯಿತು, ನಿರ್ದೇಶಕರು ರಜೆ ಹಾಕಿದರು. ಮನೆ ಖಾಲಿ ಮಾಡಿ ಎಂಬ ಕಾಗದವೂ ಬಂತು. ಅದು ಅಡಿಗೆಮನೆಯ ಮೊಳೆಗೆ ಇನ್ನೂ ಸಿಕ್ಕಿಕೊಂಡೇ ಇದೆ. ಅಮ್ಮ ಅದರ ಬೆನ್ನಿನ ಮೇಲೆ ಹಾಲಿನ ದಿನಗಳನ್ನು ಗುರುತು ಹಾಕುತ್ತಾಳೆ.

* * *

ವಿಚಾರಣೆಯವರು ಅಣ್ಣ ನಿಂತಿದ್ದ ಜಾಗ ಅಳೆಯಬೇಕೆಂದರು. ಮನೆಯ ಕಡೆಯಿಂದ ಒಬ್ಬರು ಜೊತೆಗೆ ಹತ್ತಬಹುದು ಎಂದರು. ನಾನೇ ಹತ್ತುತ್ತೇನೆ ಎಂದಳು ಅವಳು.

ಅಂದು ಮಧ್ಯಾಹ್ನ ಒಂದನೇ ಮೇಜಿನಲ್ಲಿ ಕೂತವನು ಅವನು. ಮೂರು ವರ್ಷದ ಮೇಲೆ.

ಮೂರು ವರ್ಷ ಬದಲಿ ಕೀ ತಿರುಗಿದ್ದ ಆ ಬೀಗಕ್ಕೆ ಅವಳು ಅಣ್ಣನ ಕೀ ಹಾಕಿ ತಿರುಗಿಸಿದಳು. ಮೇಜಿನ ದೀಪಗಳು ಒಂದೊಂದಾಗಿ ಆರಿದವು. ಕೀ ತೆಗೆದು ಜೇಬಿಗಿಟ್ಟುಕೊಂಡಳು. ಅವನ ಮುಖ ಬಿಳಿಚಿಕೊಂಡಿತ್ತು. 

ಮೇಲೆ ಹತ್ತಿದಾಗ, ಮೂರನೇ ಕಾಲಿನ ಹತ್ತಿರ, ಬಣ್ಣ ದಪ್ಪಗಿದ್ದಲ್ಲಿ, ಅಣ್ಣನ ಅಂಗೈ ಗುರುತು ಒಣಗಿ ಉಳಿದಿತ್ತು. ಅಳತೆಯವರು ಟೇಪು ಹಿಡಿದು ಆ ಕಡೆ ಸರಿದಾಗ ಅವಳು ಅದರ ಮೇಲೆ ತನ್ನ ಕೈ ಇಟ್ಟು ನೋಡಿದಳು. ದೊಡ್ಡದು. ಬಿಸಿಲಿಗೆ ಬೆಚ್ಚಗಿತ್ತು.

ಸೊಂಟದಲ್ಲಿದ್ದ ವಾಕಿಟಾಕಿ ತೆಗೆದಳು.

"ಕೇಳಿಸ್ತಿದೆಯಾ?"

"ಹೇಳಿ." ತಕ್ಷಣ ಬಂತು ಉತ್ತರ. ವಾಕಿಟಾಕಿಯ ಗುಂಡಿ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದನೇನೋ.

"ಕೀ ನನ್ನ ಜೇಬಲ್ಲಿದೆ. ನೀವು ಅಲ್ಲಿಂದ ಏನೂ ಮಾಡೋಕಾಗಲ್ಲ. ಸುಮ್ನೆ ಕೂತು ಕೇಳಬೇಕು."

"ಕೂತಿದ್ದೀನಿ."

"ಮೂರು ವರ್ಷ ನಿಮ್ಮನ್ನ ಶಪಿಸಿದ್ದೀನಿ. ಒಂದಾದ್ರೂ ತಾಕಿತ್ತಾ?"



"ಎಲ್ಲಾ ತಾಕಿವೆ."

"ಹಾಗಾದ್ರೆ ಒಂದೊಂದಾಗಿ ವಾಪಸ್ ತಗೋಬೇಕು. ಬೇಗ ಮುಗಿಯೋ ಕೆಲಸ ಅಲ್ಲ ಅದು. ವರ್ಷಗಟ್ಟಲೆ ಹಿಡಿಯುತ್ತೆ... ನೀವು ನಮ್ಮ ಮನೇಲೇ ಇರಬೇಕಾಗುತ್ತೆ."

 ಕೆಳಗೆ ನಿಯಂತ್ರಣ ಕೋಣೆಯ ಕಿಟಕಿಯ ಬಳಿ ಬೂದು ಸ್ವೆಟರ್ ಎದ್ದು ನಿಂತದ್ದು ಅವಳಿಗೆ ಕಂಡಿತು.

"ಅಮ್ಮ ಒಪ್ತಾರಾ?"

"ಅಮ್ಮ ಆಗಲೇ ಕೇಳಾಯ್ತು, ನೀವು ಸರಿಯಾಗಿ ಉಣ್ತೀರಾ ಅಂತ. ನೀವು ಒಪ್ತೀರಾ ಹೇಳಿ."

"ಮೊದ್ಲು ಇಳಿದು ಬನ್ನಿ," ಎಂದ ಅವನು. "ಇಳಿದು ಬನ್ನಿ ಕಡ್ಡಿ. ಅಲ್ಲಿ ನಿಂತಿದ್ರೆ ನಂಗೆ ಉಸಿರಾಡೋಕಾಗ್ತಿಲ್ಲ."

ಅವಳು ಇಳಿದಳು. ಒಂದೊಂದೇ ಮೆಟ್ಟಿಲು.

ಕೀಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಕೀಯ ಜೊತೆಗೆ ಅವಳ ಬೆರಳುಗಳನ್ನೂ ಹಿಡಿದುಕೊಂಡೇ ಬೀಗ ತಿರುಗಿಸಿದ, ದೀಪಗಳು ಹತ್ತಿದ ಮೇಲೂ ಬಿಡಲಿಲ್ಲ. ಇನ್ನೊಂದು ಕೈಯಿಂದ ಗಂಟೆ ಒತ್ತಿದ. ಇಬ್ಬರೂ ಎಣಿಸಿದರು, ಈ ಸಲ ದನಿ ತೆಗೆದು, ಮೂವತ್ತರ ತನಕ. ಆಮೇಲಷ್ಟೇ ಡಿಶ್ ಮೆಲ್ಲಗೆ ಮೋಡದತ್ತ ತಿರುಗಿತು.

ವಸತಿಗೃಹದ ಬೇಲಿಯ ಬಳಿ ಅಮ್ಮ ನಿಂತಿದ್ದಳು. ಗಂಟೆ ಮುಗಿಯುವ ತನಕ ಬಾಗಿಲ ಕಡೆ ತಿರುಗಲಿಲ್ಲ.

"ಇಳಿದಳು," ಎಂದಳು. ಒಲೆ ಹಚ್ಚಲು ಒಳಗೆ ಹೋದಳು.

ಪರದೆಯ ಮೇಲೆ ಸಣ್ಣ ಗೆರೆಯೊಂದು ಎದ್ದು ನಿಂತಿತು. ಎಂದಿನಷ್ಟೇ ಎತ್ತರ.

"ಕಡ್ಡಿ ಹೇಗಿದ್ದಾಳೆ?" ಎಂದು ಕೇಳಿದಳು ಅವಳು.

ಅವನು ಪರದೆಯನ್ನು ನೋಡಲಿಲ್ಲ. ಅವಳನ್ನು ನೋಡಿದ.

"ಮಾತಾಡ್ತಿದ್ದಾಳೆ," ಎಂದ.